ನೂರಕ್ಕೆ ನೂರು ಅಂಕದ ಮನೆ

ಮಳೆಗಾಲಕ್ಕೆ ಇನ್ನೊಂದು ತಿಂಗಳಿರುವಾಗಲೇ ಅಣ್ಣಪ್ಪ ಶಪಥ ಮಾಡಿದ್ದ: ಸತ್ತರೂ ಇನ್ನು ನೆರೆ ಸಂತ್ರಸ್ತರ ಕಾಳಜಿ ಕೇಂದ್ರದಲ್ಲಿ ಮಲಗುವವನಲ್ಲ. ಹೊಳನಗದ್ದೆಯ ತಗ್ಗಿನಲ್ಲಿದ್ದ ಅವನ ಬಾಡಿಗೆ ಮನೆಗೆ ವರ್ಷವೂ ನೀರು ನುಗ್ಗುತ್ತಿತ್ತು. ಆಗೆಲ್ಲ ಹೆಂಡತಿ ಮಕ್ಕಳ ಸಮೇತ ಇಡೀ ಕೇರಿಯೊಂದಿಗೆ ಶಾಲೆಯ ಒಂದೇ ಕೋಣೆಯಲ್ಲಿ ಮೂರು ದಿನ ವಾಸ. ಹೋದ ವರ್ಷವಂತೂ ಪಕ್ಕದ ಚಾಪೆಯ ಸಣ್ಣಿಯ ಹೇಂಟೆ ಕೋಳಿ ಅವನ ತಲೆದಿಂಬಿನ ಮೇಲೆ ಮೊಟ್ಟೆ ಇಟ್ಟು, ಮೊಟ್ಟೆ ಯಾರದ್ದೆಂದು ಜಗಳವೂ ಆಗಿತ್ತು.

ಸೊಸೈಟಿಯ ಗುಮಾಸ್ತನಲ್ಲವೇ, ಅಂದಾಜಿನ ಕೆಲಸ ಅವನಿಗೆ ಆಗಿಬರದು. ಬಾವಿ, ಗಾಳಿ, ಗುಡ್ಡದ ಮಣ್ಣು, ಹೊಳೆಯ ದೂರ ಎಂದು ಹತ್ತು ಪ್ರಶ್ನೆ ಬರೆದು, ಒಂದೊಂದಕ್ಕೂ ಹತ್ತು ಅಂಕ ಇಟ್ಟು, ಸುರಕ್ಷಿತ ಮನೆ ಹುಡುಕಲು ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಹಮ್ಮನ ರಿಕ್ಷಾ ಹತ್ತಿದ. ಒಳಗೆ ಪಂಚಾಯ್ತಿ ಮೆಂಬರ್ ಮಾಸ್ತಮ್ಮ ಆಗಲೇ ಎಲೆಯಡಿಕೆಯ ಕವಳ ಹಾಕಿಕೊಂಡು ಕೂತಿದ್ದಳು.

"ನೀ ಒಬ್ನೇ ಹೋದ್ರೆ ಯಾರಾದ್ರೂ ಟೋಪಿ ಹಾಕ್ತಾರೆ, ತಮ್ಮಾ."

ತದಡಿಯಲ್ಲಿ ಹೊಳೆಯಿಂದ ಮನೆಗೆ ಎಷ್ಟು ಹೆಜ್ಜೆಯೆಂದು ಅಳೆಯುತ್ತಿದ್ದಾಗ ಉಬ್ಬರದ ನೀರು ಬಂದು ದಡದಲ್ಲಿಟ್ಟ ಚಪ್ಪಲಿ ಒಯ್ದಿತು. ಹದಿನೆಂಟು ಅಂಕ. ಅಪ್ಸರಕೊಂಡದ ಹತ್ತಿರ ಗುಡ್ಡದ ಮಣ್ಣು ಗಟ್ಟಿಯೋ ಎಂದು ಬರಿಗಾಲಲ್ಲಿ ಒದ್ದು ನೋಡಿದ. ಮಣ್ಣಿನ ಜೊತೆ ಅವನೂ ಜಾರಿ, ಕೆಳಗಿನವರ ಬಸಳೆ ಚಪ್ಪರದ ಮೇಲೆ ಹೋಗಿ ಕೂತ.

"ಮಣ್ಣಿಗೆ ಎಷ್ಟು ಬರ್ಕೊಳ್ಲಾ?" ಹಮ್ಮ ಮೇಲಿಂದ ಕೂಗಿದ.

"ಸೊನ್ನೆ!"

ಸಂಜೆ ಕುಂಟುತ್ತ ಮರಳುವಾಗ ಮಾಸ್ತಮ್ಮ, "ನಮ್ಮೂರ ಗುಡ್ಡದ ಮೇಲೆ ಕೃಷ್ಣಾನಂದ ಮಾಸ್ತರ್ರ ಮನೆ ಬೀಗ ಹಾಕೇ ಅದೆ. ಎಂತಕ್ಕೆ ನೋಡ್ಬಾರ್ದು?" ಎಂದಳು.

ನೋಡಿದ್ದೇ ಅಣ್ಣಪ್ಪ ಕರಗಿಹೋದ. ಕೆಂಪುಕಲ್ಲಿನ ಗೋಡೆ, ಮೇ ತಿಂಗಳಲ್ಲೂ ಬತ್ತದ ಬಾವಿ, ಉದ್ದನೆಯ ಪಡಸಾಲೆ, ತರಕಾರಿಗೆ ಹಿತ್ತಿಲು. ನೂರಕ್ಕೆ ನೂರು! ಖುಷಿಗೆ ಕಣ್ಣು ತುಂಬಿತು. ಹತ್ತಿರವೇ ಮಗಳ ಮನೆಯಲ್ಲಿದ್ದ ಮಾಸ್ತರರು ಕೀಲಿ ಹಿಡಿದು ಬಂದರು. ಐದು ವರ್ಷದ ಬಾಡಿಗೆ ಕರಾರಿಗೆ ಅಲ್ಲೇ ಸಹಿ ಬಿತ್ತು.

"ಈ ಅಂಕದ ಪಟ್ಟಿಗೂ ಒಂದು ಸಹಿ ಹಾಕು, ಚೊಲೋ ಕಾಣ್ತದೆ," ಎಂದಳು ಮಾಸ್ತಮ್ಮ. ಅಣ್ಣಪ್ಪ ಹೆಮ್ಮೆಯಿಂದ ಹಾಕಿದ. ಅವಳು ಅದರ ಫೋಟೋ ಹೊಡೆದು ತಹಸೀಲ್ದಾರರಿಗೆ ಕಳಿಸಿ, ಫೋನು ಕಿವಿಗಿಟ್ಟಳು.

"ಸಾಹೇಬ್ರೇ, ಈ ಸಲದ ಕಾಳಜಿ ಕೇಂದ್ರಕ್ಕೆ ಮನೆ ಸಿಕ್ತು. ಬೀಗ ಹಾಕಿದ್ ಮನೇನ ಹ್ಯಾಂಗೆ ಕೇಳೂದು ಅಂತ ಸುಮ್ನಿದ್ದೆ. ಈಗ ನಮ್ಮ ಅಣ್ಣಪ್ಪನೇ ಬಾಡಿಗೆಗೆ ಬಂದ. ಅವ್ನೇ ನೂರಕ್ಕೆ ನೂರು ಕೊಟ್ಟು ಸಹಿ ಹಾಕಿದ್ದಾನೆ. ಆತು, ಆತು."

ಅಣ್ಣಪ್ಪನಿಗೆ ಬೈಯಬೇಕೆನಿಸಿತು. ಆದರೆ ಇಷ್ಟು ವರ್ಷ ಒಟ್ಟಿಗೆ ಗಂಜಿ ಉಂಡ ಕೇರಿಗೆ ಬರಬೇಡಿ ಎನ್ನಲು ಬಾಯಿ ಬರಲಿಲ್ಲ; ಒಳಗೊಳಗೆ ಸ್ವಲ್ಪ ಹಿತವೂ ಆಯಿತು.

"ಎಲ್ರೂ ಬರ್ಲಿ, ಅಕ್ಕಾ. ಆದ್ರೆ ನಾ ಎಲ್ಲಿ ಮಲಗೂದು?"

"ನಿನ್ನ ಮರೀತೇನಾ ಮಾರಾಯಾ? ಮೊದಲ್ನೇ ಹೆಸರೇ ನಿಂದು." ಮಾಸ್ತಮ್ಮ ಚೀಲದಿಂದ ಮೊದಲೇ ಬರೆದಿಟ್ಟಿದ್ದ ನಿರಾಶ್ರಿತರ ಪಟ್ಟಿ ತೆಗೆದು ಓದಿದಳು: "ಅಣ್ಣಪ್ಪ, ಹೆಂಡತಿ, ಎರಡು ಮಕ್ಕಳು. ಹಿಂದಿನ ಜಗಲಿ, ಬಚ್ಚಲ ಬದಿ."