ಎಮ್ಮೆ ಹಾರಿತು, ಯಾರೂ ನಗಲಿಲ್ಲ

ನಗಿಸಬೇಕೆಂದು ನಾನು ಹೊರಟಾಗಲೆಲ್ಲ ಅಳುವ ಪ್ರಸಂಗವೇ ಎದುರಾಗುತ್ತದೆ. ಹೈದರಾಬಾದಿನಲ್ಲಿ ಕಂಡಕಂಡವರೆಲ್ಲ ಸಾಫ್ಟ್‌ವೇರ್ ಸೇರುತ್ತಿದ್ದ ಕಾಲದಲ್ಲಿ ನಾನು ಅನಿಮೇಷನ್ ಸ್ಟುಡಿಯೊ ಸೇರಿ, ಪರದೇಶದವರ ಕಾರ್ಟೂನಿಗೆ ಕೈಕಾಲು ಬಿಡಿಸುತ್ತಿದ್ದೆ. ರಜೆಯ ದಿನ ಮಾತ್ರ ನನ್ನದೇ ಒಂದು ಕಿರುಚಿತ್ರ: ಛತ್ರಿ ಹಿಡಿದ ಎಮ್ಮೆಯೊಂದು ಮಲಗಲು ಕೆರೆ ಹುಡುಕುತ್ತ ಊರ ಮೇಲೆ ಹಾರುತ್ತದೆ. ಇಳಿದಲ್ಲೆಲ್ಲ ಗಾಜಿನ ಕಟ್ಟಡ. ಕೊನೆಗೆ ಇರಾನಿ ಚಹಾದ ಕಪ್ಪಿನಲ್ಲಿ ಮಲಗುತ್ತದೆ. ಇದನ್ನು ನೋಡಿ ಒಬ್ಬರಾದರೂ ನಗಲಿ ಎಂಬುದಷ್ಟೇ ನನ್ನ ಆಸೆ.

೧. ಹೆಣ್ಣು ನೋಡಲು ಹೋದದ್ದು

ಹುಡುಗಿಯ ತಂದೆ ಬೀದರ್ ಕಡೆಯವರು, ಸರ್ಕಾರಿ ಕಾರ್ಖಾನೆಯಲ್ಲಿ ಫೋರ್‌ಮನ್. ಅವಲಕ್ಕಿ ಕೊಟ್ಟು ಕೇಳಿದರು: "ದಿನಕ್ಕ ಎಷ್ಟ್ ಕೆಲಸ ಆಗ್ತೈತ್ರಿ?"

"ಚಲೋ ನಡದ್ರ ಎರಡು ಸೆಕೆಂಡಿನ ಚಿತ್ರ ಆಗ್ತೈತ್ರಿ."

ಅವರು ಗೋಡೆಯ ಗಡಿಯಾರ ನೋಡಿದರು. "ಉಳದ ಹೊತ್ತು ಏನ್ ಮಾಡ್ತೀರಿ?"

ಆ ಎರಡು ಸೆಕೆಂಡಿಗೇ ನಲವತ್ತೆಂಟು ಚಿತ್ರ ಬಿಡಿಸಬೇಕೆಂದು ವಿವರಿಸತೊಡಗಿದೆ. ಚಹಾ ಬರಲೇ ಇಲ್ಲ.

೨. ತಪ್ಪು ಹುಡುಕುವವ

ದಿಲ್‌ಸುಖ್‌ನಗರದ ರೂಮಿನಲ್ಲಿ ನನ್ನ ಜೊತೆಗಿದ್ದವನಿಗೆ ಟೆಸ್ಟಿಂಗ್ ಕೆಲಸ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದಕ್ಕೇ ಸಂಬಳ. ಅವನಿಗೆ ಚಿತ್ರ ತೋರಿಸಿದೆ. ಹುಬ್ಬು ಗಂಟಿಕ್ಕಿಕೊಂಡು ಮತ್ತೆ ಮತ್ತೆ ನೋಡಿದ.

"ಇಲ್ಲೊಂದು ತಪ್ಪೈತಿ ನೋಡಲೇ. ಛತ್ರಿ ಮುಚ್ಚಿದ ಮ್ಯಾಲೂ ಎಮ್ಮಿ ಹಾರಾಕತ್ತೈತಿ."

"ಎಮ್ಮಿ ಹಾರೂದು ತಪ್ಪಲ್ಲೇನಲೇ?"

"ಅದು ಕ್ಲೈಂಟ್ ಕೇಳಿದ್ದು. ಅದರಾಗ ನಾವ್ಯಾಕ ಬಾಯಿ ಹಾಕೂನು?"

೩. ಸಂಘದ ಸನ್ಮಾನ

ಇಷ್ಟಾಗುವ ಹೊತ್ತಿಗೆ ನನಗೆ ಆ ಎಮ್ಮೆಯ ಮೇಲೇ ಜುಗುಪ್ಸೆ ಬಂದಿತ್ತು. ಯಾಕಾದರೂ ಈ ಕಸುಬು ಹಿಡಿದೆನೋ ಎಂದು ಕೊರಗುತ್ತಿದ್ದಾಗ, ಕನ್ನಡ ಸಂಘದವರು ರಾಜ್ಯೋತ್ಸವದಲ್ಲಿ ಚಿತ್ರ ತೋರಿಸಲು ಕರೆದರು. ಸಂಘದ ಪದ್ಧತಿಯಂತೆ ಅತಿಥಿಗಳಿಗೆಲ್ಲ ಶಾಲು, ಹಾರ. ಅದಕ್ಕೂ ಮೊದಲು ಭಾಷಣಗಳು. ಅವು ಮುಗಿಯುವಷ್ಟರಲ್ಲಿ ಅಡುಗೆಯವ ಬಂದು, "ಹೋಳಿಗಿ ಆರಾಕತ್ತಾವ್ರಿ," ಎಂದ.

ಕಾರ್ಯದರ್ಶಿಗಳು ಗಾಬರಿಯಾದರು. "ಸಿನಿಮಾ, ಸನ್ಮಾನ ಎರಡೂ ಕೂಡೇ ಮುಗಸ್ರಿ!"

ದೀಪ ಆರಿಸಿ ಪ್ರೊಜೆಕ್ಟರ್ ಹಚ್ಚಿದರು. ಪರದೆಯ ಮುಂದೆಯೇ ನನ್ನನ್ನು ಕೂರಿಸಿ, ದಢೂತಿ ಅಧ್ಯಕ್ಷರು ಶಾಲು ಹೊದಿಸತೊಡಗಿದರು. ಎಮ್ಮೆ ಅವರ ಬಿಳಿ ಜುಬ್ಬಾದ ಮೇಲೆ ಹಾರಿತು, ಹೊಟ್ಟೆ ಹತ್ತಿ ಇಳಿಯಿತು, ಕೊನೆಗೆ ಬೋಳುತಲೆಯ ಮೇಲೆ ಹಾಯಾಗಿ ಮಲಗಿತು. ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನ ಅಜ್ಜಿಯೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅಂತೂ ನಕ್ಕರಲ್ಲ!

"ಭಾಳ ಚಲೋ ಐತ್ರಿ, ಇನ್ನೊಮ್ಮೆ ಹಾಕ್ರಿ," ಎಂದರು ಅಜ್ಜಿ.

ಹಾಕಿದರು. ಅಷ್ಟರಲ್ಲಿ ಅಧ್ಯಕ್ಷರು ಊಟಕ್ಕೆ ಹೋಗಿದ್ದರು. ಖಾಲಿ ಪರದೆಯ ಮೇಲೆ ಎಮ್ಮೆಯೊಂದೇ ಹಾರಿತು. ಯಾರೂ ನಗಲಿಲ್ಲ. ಅಜ್ಜಿ ಹಿಂದಕ್ಕೆ ತಿರುಗಿ ಕೂಗಿದರು:

"ಅಧ್ಯಕ್ಷರನ್ನ ಕರಕೊಂಡು ಬರ್ರಪಾ, ಬರೇ ಎಮ್ಮಿ ಯಾರ್ ನೋಡ್ತಾರ!"