ಯಂತ್ರಕ್ಕಿಲ್ಲದ ಮೂಗು

ಕ್ಯಾಂಪಸ್ ಇಂಟರ್‌ವ್ಯೂ ದಿನ ಬೆಳಗ್ಗೆ ಏಳುವಾಗಲೇ ಸುಹಾಸನ ಮೂಗು ಕಟ್ಟಿತ್ತು. ಎಂ.ಎಸ್ಸಿ. ಕೆಮಿಸ್ಟ್ರಿಯವರನ್ನು ಆರಿಸಲು ಬರುತ್ತಿದ್ದುದು ಬಿಸ್ಕತ್ತು, ಐಸ್‌ಕ್ರೀಮುಗಳಿಗೆ ಪರಿಮಳ ತಯಾರಿಸುವ ಕಂಪನಿ. ಹೋದ ವರ್ಷ ಹನ್ನೆರಡು ಜನರನ್ನು ತೆಗೆದುಕೊಂಡಿತ್ತು. ಈ ವರ್ಷ ಒಬ್ಬರನ್ನೇ. ಉಳಿದ ಹನ್ನೊಂದು ಜನರ ಕೆಲಸ ಯಂತ್ರವೇ ಮಾಡುತ್ತದಂತೆ. ಯಂತ್ರಕ್ಕೆ ಮೂಗು ಮಾತ್ರ ಇಲ್ಲವಂತೆ. ಇದನ್ನು ಕೇಳಿದಂದಿನಿಂದ ಸುಹಾಸ ಕನ್ನಡಿಯಲ್ಲಿ ತನ್ನ ಮೂಗನ್ನು ಗೌರವದಿಂದ ನೋಡತೊಡಗಿದ್ದ.

ಅವನಿರುವ ಮುಂಬಯಿಯ ದಹಿಸರಿನ ಸಾಲುಮನೆಗಳ ಚಾಳಿನಲ್ಲಿ ಸುದ್ದಿ ನಲ್ಲಿ ನೀರಿಗಿಂತ ಬೇಗ ಬರುತ್ತದೆ. ಎದುರು ಖೋಲಿಯ ರುಕ್ಮಿಣಿಬಾಯಿ ಅಜವಾನದ, ಅಂದರೆ ಓಮದ, ಬಟ್ಟೆಗಂಟು ತಂದರು.

"ಮೂಸು ಮಗನ, ಮೂಗು ಫಾಸ್ಟ್ ಲೋಕಲ್ ಆಗ್ತದ!"

ತಾಯಿ ಚಂಪಾ ನೆತ್ತಿಯಿಂದ ಎದೆಯವರೆಗೆ ನೀಲಗಿರಿ ಎಣ್ಣೆ ತಿಕ್ಕಿದರು. ಮಾಟುಂಗದ ಹೋಟೆಲಿನಲ್ಲಿ ಸಾಂಬಾರು ಮಾಡುವ ಸೋದರಮಾವ ಕೊರಗಣ್ಣ ರಜೆ ಹಾಕಿ, ಕಷಾಯದ ಫ್ಲಾಸ್ಕ್ ಹಿಡಿದು ಹೊರಟೇಬಿಟ್ಟರು.

"ಮಾವ, ಇಂಟರ್‌ವ್ಯೂಗೆ ಯಾರಾದ್ರೂ ಮಾವನನ್ನು ಕರ್ಕೊಂಡು ಹೋಗ್ತಾರಾ?"

"ನಾನೆಂತಕ್ಕೆ ಬರುದು ಮಾರಾಯ? ಕಷಾಯ ಬರುದು. ನಾನು ಅದರ ಒಟ್ಟಿಗೆ."

ಲೋಕಲ್‌ನಲ್ಲಿ ಸುಹಾಸನ ಮೈಯ ನೀಲಗಿರಿ ಘಾಟಿಗೆ ಸುತ್ತಲಿನವರು ಕಣ್ಣೀರು ಒರೆಸುತ್ತ ದೂರ ಸರಿದರು. ಜೀವನದಲ್ಲಿ ಮೊದಲ ಸಲ ಅವನಿಗೆ ಕಿಟಕಿ ಸೀಟು ಸಿಕ್ಕಿತು. ಮೂಗು ಮಾತ್ರ ತೆರೆಯಲಿಲ್ಲ.

ಕಾಲೇಜಿನ ಇಂಟರ್‌ವ್ಯೂ ಕೋಣೆಯಲ್ಲಿ ಕಂಪನಿಯ ಅನುರಾಧಾ ಮೇಡಂ ಮೇಜಿನ ಮೇಲೆ ಐದು ಪುಟ್ಟ ಶೀಶೆಗಳನ್ನು ಇಟ್ಟರು. ನೀರಿನಂಥ ಆ ಹನಿಗಳಲ್ಲಿ ಒಂದಿಡೀ ಮಾವಿನ ತೋಪು ಅಡಗಿರಬಹುದೆಂದು ಸುಹಾಸನಿಗೆ ರೋಮಾಂಚನವಾಯಿತು. ಮೂಸಿದ. ಗೋಡೆ ಮೂಸಿದಂತಾಯಿತು.

ಅಷ್ಟರಲ್ಲಿ "ಎರಡು ಗುಟುಕು ಕುಡಿ" ಎನ್ನುತ್ತ ಮಾವ ಒಳಗೇ ಬಂದರು. ಸುಹಾಸ ದಿಕ್ಕುತೋಚದೆ ಶೀಶೆಯನ್ನು ಅವರತ್ತ ಚಾಚಿದ.

"ಮಾವ, ಇದೆಂತದು?"

"ಏಲಕ್ಕಿ. ಸಿಪ್ಪೆ ಸಮೇತ ಅರೆದದ್ದು." ಮುಂದಿನದನ್ನು ಮೂಸಿದರು. "ಹುರಿದ ಕೊತ್ತಂಬರಿ. ಚೂರು ಸೀದಿದೆ. ಹುರಿದವನ ಗಮನ ಎಲ್ಲಿತ್ತು?"

ಅನುರಾಧಾ ಲ್ಯಾಪ್‌ಟಾಪ್ ನೋಡಿದರು. ಆ ಸೀದ ಅಂಶವನ್ನು ಪತ್ತೆಹಚ್ಚಲು ಯಂತ್ರಕ್ಕೆ ನಲವತ್ತು ನಿಮಿಷ ಹಿಡಿದಿತ್ತು. ಐದೂ ಶೀಶೆಗಳನ್ನು ಮಾವ ಸರಿಯಾಗಿ ಗುರುತಿಸಿ ಮುಗಿಸಿದರು. ಸುಹಾಸನಂತೂ ಮೊದಲ ಸಲ ಸಮುದ್ರ ಕಂಡವನಂತೆ ಮಾವನನ್ನೇ ನೋಡುತ್ತಿದ್ದ.

"ಸೆಲೆಕ್ಟೆಡ್!"

ಸುಹಾಸ ಕೈ ಚಾಚಿದ. ಮೇಡಂ ಕೈ ಅವನನ್ನು ದಾಟಿ ಮಾವನ ಕೈ ಕುಲುಕಿತು.

"ಮೇಡಂ, ಮಾವ ಎಂಟನೇ ಕ್ಲಾಸ್ ಫೇಲ್!"

"ಡಿಗ್ರಿ ಈಗ ಕೌನ್ ನೋಡ್ತಾರೆ? ಈ ವರ್ಷ ನಮ್ದು ಸ್ಕಿಲ್ ಪಾಲಿಸಿ," ಎಂದರು ಅನುರಾಧಾ ಹರುಕು ಕನ್ನಡದಲ್ಲಿ.

"ಛೆ, ಹುಡುಗನಿಗೇ ಕೊಡಿ ಮೇಡಂ," ಎಂದ ಮಾವ ಕ್ಷಣ ತಡೆದು ಕೇಳಿದರು, "ಲ್ಯಾಬಲ್ಲಿ ಎಸಿ ಉಂಟಾ?"

"ಇಡೀ ದಿನ."

ಮೂವತ್ತು ವರ್ಷ ಒಲೆಯ ಮುಂದೆ ನಿಂತಿದ್ದ ಮಾವ ಸಹಿ ಹಾಕಿದರು. ಹೊರಗೆ ಬಂದು ಹೋಟೆಲ್ ಮಾಲೀಕ ದೇವಾನಂದರಿಗೆ ಫೋನ್ ಮಾಡಿ ವಿಷಯ ತಿಳಿಸಿದರು. ಆಮೇಲೆ ತಲೆ ತಗ್ಗಿಸಿ ಫೋನನ್ನು ಸುಹಾಸನಿಗೆ ಕೊಟ್ಟರು.

"ಏನು ಮಾರಾಯ, ಮಾವ ಹೋದ್ರೆ ಸಾಂಬಾರು ಮಾಡುದು ಯಾರು?" ದೇವಾನಂದರ ದನಿ ಗುಡುಗಿತು. "ನಾಳೆ ಬೆಳಗ್ಗೆ ಐದಕ್ಕೆ ನೀನೇ ಬಾ. ಹೆದರ್ಬೇಡ, ನಾವು ಡಿಗ್ರಿ ಇದ್ದವರನ್ನೂ ತಗೊಳ್ತೇವೆ."