ದಂಡೆ ಹತ್ತಿರದ ಹಡಗು, ಕೌಲ್ ಬಜಾರಿನ ಮನೆ

ಗಂಡ ಯುದ್ಧನೌಕೆಯಲ್ಲಿ, ಹೆಂಡತಿ ಬಳ್ಳಾರಿಯಲ್ಲಿ ಇದ್ದರೆ ಏನೇನು ಆಗುತ್ತದೆ ಅನ್ನುವುದು ಕೌಲ್ ಬಜಾರಿನ ನನ್ನ ಹೊಲಿಗೆ ಅಂಗಡಿಯಲ್ಲಿ ಒಂದು ತಾಸು ಕೂತರೆ ಗೊತ್ತಾಗುತ್ತದೆ.

ಸಂಜಿಗೆ ಬರಬಹುದಲ್ಲ

ನಮ್ಮ ಯಜಮಾನರು ಕುರುಗೋಡಿನವರು. ಅವರ ಹಡಗು ನಡುಸಮುದ್ರದ್ದಲ್ಲ. ಕರಾವಳಿಗೆ ಹತ್ತಿರ, ಆಳ ಕಡಿಮೆ ಇರುವ ನೀರಿನಲ್ಲಿ ಜೋರಾಗಿ ಓಡಿ ಕಾದಾಡಲಿಕ್ಕೆ ಕಟ್ಟಿದ್ದು. ಅದರ ಇಂಜಿನ್ ಕೋಣೆಯಲ್ಲಿ ಅವರ ಕೆಲಸ. ಇದನ್ನೆಲ್ಲ ಸಿರುಗುಪ್ಪದ ನಮ್ಮ ಚಿಕ್ಕಮ್ಮನಿಗೆ ಬಿಡಿಸಿ ಹೇಳಿದೆ.

"ದಂಡಿ ಹತ್ರನ ಇರ್ತೈತಿ ಅಂದ್ರ, ಸಂಜಿಗೆ ಮನಿಗೆ ಬರಾಕ ಅಳಿಯಗ ಏನು ಧಾಡಿ?" ಅಂದಳು.

ನಾನು ನಕ್ಕೆ. ಮದುವೆಯಾದ ಹೊಸದರಲ್ಲಿ ನಾನೂ ಅದನ್ನೇ ಕೇಳಿದ್ದೆ ಅಂತ ಹೇಳಲಿಲ್ಲ.

ಗುಟ್ಟು

ಹಡಗು ಎಲ್ಲಿದೆ ಅಂತ ಫೋನಿನಲ್ಲಿ ಹೇಳುವಂತಿಲ್ಲ.

"ಎಲ್ಲಿ ಅದೀರಿ?"

"ಹಡಗಿನ್ಯಾಗ."

"ಹಡಗು ಎಲ್ಲೈತಿ?"

"ನೀರಾಗ."

ಅಷ್ಟಕ್ಕೆ ಫೋನ್ ಕಟ್. ಮತ್ತೆ ಎಂಟು ಹತ್ತು ದಿನ ನಾನು, ನನ್ನ ಮಷೀನು. ಒಂದು ಸಲ ಸಿಟ್ಟು ಬಂತು. "ನೀ ಎಲ್ಲಿ ಅದೀ?" ಅಂತ ಅವರು ಕೇಳಿದಾಗ "ಹೇಳಂಗಿಲ್ರಿ" ಅಂದು ಇಟ್ಟುಬಿಟ್ಟೆ. ಕಾಲು ತಾಸಿನಲ್ಲಿ ಪಕ್ಕದ ಮನೆಯ ಆಟೋದವನು ಬಾಗಿಲಲ್ಲಿ ನಿಂತಿದ್ದ.

"ಅಕ್ಕಾ, ಅಣ್ಣಾರು ಫೋನ್ ಮಾಡಿದ್ರು. ನೀವು ಎಲ್ಲಿ ಅದೀರಿ ನೋಡಂದ್ರು. ಏನಂತ ಹೇಳ್ಲಿ?"

"ನೆಲದ ಮ್ಯಾಲೆ ಅದಾಳ ಅಂತ ಹೇಳು" ಅಂದೆ.

ನೀರು ಬಂತು

ಈ ಸಲ ಹತ್ತು ದಿನ ರಜೆ ಸಿಕ್ಕಿತು. ಬಂದವರಿಗೆ ನಿದ್ದೆಯೇ ಇಲ್ಲ. "ಮನಿ ಭಾಳ ಸುಮ್ಮನ ಐತಿ. ಇಂಜಿನ್ ಸಪ್ಪಳ ಇಲ್ದ ಕಣ್ಣು ಮುಚ್ಚಂಗಿಲ್ಲ" ಅಂದರು. ನಾನು ಒಬ್ಬಳೇ ವರ್ಷಗಟ್ಟಲೆ ಇದ್ದ ಮನೆ ಅದು. ಅವರಿಗೆ ಮೂರು ದಿನಕ್ಕೇ ಸಾಕಾಯಿತು.

ನಾಲ್ಕನೇ ದಿನ ಮಧ್ಯಾಹ್ನ ಜೋಳ ಕೊಟ್ಟು ನಮ್ಮ ಓಣಿ ತುದಿಯ ಹಿಟ್ಟಿನ ಗಿರಣಿಗೆ ಕಳಿಸಿದೆ. ಗಿರಣಿಯ ಗಡಗಡ ಕಿವಿಗೆ ಬಿದ್ದದ್ದೇ ತಡ, ಮೂಟೆಗೆ ಒರಗಿ ಗೊರಕೆ ಹೊಡೆದರಂತೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಗಿರಣಿ ನಿಂತಿತು. ಇಂಜಿನ್ನೇ ನಿಂತಿತು ಅಂತ ತಿಳಿದ ಇವರು ನಿದ್ದೆಗಣ್ಣಿನಲ್ಲಿ ಬೀದಿಗೆ ಓಡಿ, "ನೀರು ಬಂತು! ನೀರು ಬಂತು!" ಅಂತ ಕಿರುಚಿದರು.

ನಮ್ಮ ಓಣಿಯ ನಲ್ಲಿಗೆ ನೀರು ಬಂದು ವಾರದ ಮೇಲಾಗಿತ್ತು. ಮನೆಮನೆಯಿಂದ ಕೊಡ, ಬಕೆಟ್ ಹೊರಬಂದವು. ನಾನೂ ಎರಡು ಕೊಡ ಹಿಡಿದು ಓಡಿದೆ. ನಲ್ಲಿಯಲ್ಲಿ ಒಂದು ಹನಿಯೂ ಇಲ್ಲ. "ಯಾರು ಹೇಳಿದ್ದು?" ಅಂತ ಗದ್ದಲ. ಎಲ್ಲರೂ ಒಂದೇ ಕಡೆ ಬೆರಳು ತೋರಿಸಿದರು. ಮೈಯೆಲ್ಲ ಹಿಟ್ಟಾಗಿ ನಮ್ಮ ಯಜಮಾನರು ನಿಂತಿದ್ದರು.

"ಹಡಗಿನ್ಯಾಗ ನೀರು ಹೊಕ್ಕಂಗಾತು..." ಅಂತ ತೊದಲಿದರು.

ಎದುರು ಮನೆಯ ಅಜ್ಜಿ ಖಾಲಿ ಕೊಡ ಸೊಂಟಕ್ಕೇರಿಸಿ ಅಂದಳು: "ಹಡಗಿನ ನೀರಾದ್ರೂ ಆಗ್ಲಿ ಯಪ್ಪಾ, ಎಲ್ಲಿ ಬಂತು, ತೋರ್ಸು!"